ಖಸಬಿನ ಕಂಪ್ಯೂಟರುಗಳ ಮಾಲೀಕ

"ಇದನ್ನು ಮುಗಿಸು, ನಿನ್ನ ವೀಸಾದ ಕಾಗದ ನಾನೇ ಮೇಲೆ ಕಳಿಸುತ್ತೇನೆ" ಎಂದು ಮ್ಯಾನೇಜರ್ ಹೇಳುವಾಗ ಅವರು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಗೋಡೆಯ ಮೇಲಿನ ಎ.ಸಿ.ಯನ್ನು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬೇಕಾದ ಮಾತು ಕಿವಿಗೆ ಬಿದ್ದಾಗ ಆಡಿದವನ ಮುಖ ನೋಡುವ ತಾಳ್ಮೆ ಯಾರಿಗಿರುತ್ತದೆ?

ನನ್ನ ವೀಸಾ ಮುಗಿಯುವುದು ಡಿಸೆಂಬರಿನಲ್ಲಿ. ಮಗಳ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ ಫೆಬ್ರವರಿಯಲ್ಲಿ. ಅವಳದ್ದೂ ಹೆಂಡತಿಯದ್ದೂ ವೀಸಾ ನನ್ನದಕ್ಕೆ ಕಟ್ಟಿದ್ದು. ನಾನು ಎದ್ದರೆ ಮೂವರೂ ಏಳಬೇಕು. ಒಂದು ಸಲ ನವೀಕರಣವಾದರೆ ಸಾಕು, ಪರೀಕ್ಷೆ ಮುಗಿಯಲಿ, ಆಮೇಲೆ ಏನಾದರೂ ಆಗಲಿ ಎಂದು ಒಮಾನಿನ ರೂವಿಯ ಇಗರ್ಜಿಯಲ್ಲಿ, ಅಲ್ಲಿಯ ವಾರದ ರಜೆಯಾದ ಪ್ರತಿ ಶುಕ್ರವಾರ ಮೊಣಕಾಲೂರಿ ಕೇಳುತ್ತಿದ್ದೆ. ದೇವರ ಮುಂದೆ ಕೂಡ ನಾನು ಅದಕ್ಕಿಂತ ಹೆಚ್ಚು ಕೇಳಿರಲಿಲ್ಲ.

ನಮ್ಮದು ಮೀನು ಮತ್ತು ದಿನಸಿಯ ಸಗಟು ವ್ಯಾಪಾರದ ಕಂಪನಿ. ರೂವಿಯಲ್ಲಿ ಮುಖ್ಯ ಕಚೇರಿ, ರುಸ್ತಾಕ್ ಮತ್ತು ಖಸಬಿನಲ್ಲಿ ಶಾಖೆಗಳು. ಎಲ್ಲ ಕಡೆಯ ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಮ್ ಹಳತಾಗಿತ್ತು, ಹೊಸದು ಹಾಕಬೇಕಿತ್ತು. ಒಂದೊಂದರ ಮುಂದೆಯೂ ಕೂತು ಹಾಕುವುದಲ್ಲ. ಯಂತ್ರ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರವಿರುವ ಒಂದು ಕಡತವನ್ನು ರೂವಿಯ ಸರ್ವರಿನಲ್ಲಿ ಬರೆದಿಟ್ಟರೆ ಮುಗಿಯಿತು. ಯಂತ್ರವನ್ನು ನೆಟ್‌ವರ್ಕಿನಿಂದ ಎಬ್ಬಿಸಿದರೆ ಅದು ತಾನೇ ಡಿಸ್ಕ್ ಒರೆಸಿ, ತಾನೇ ಸಿಸ್ಟಮ್ ಹಾಕಿಕೊಂಡು, ತನ್ನ ಹೆಸರು ಇಟ್ಟುಕೊಂಡು, ಕೊನೆಗೆ ಕಂಪನಿಯ ಡೊಮೇನಿಗೆ ಸೇರಿಕೊಳ್ಳಬೇಕು. ಡೊಮೇನ್ ಎಂದರೆ ಕಂಪನಿಯ ಕಂಪ್ಯೂಟರುಗಳ ಕೂಡುಕುಟುಂಬ. ಯಾರು ಒಳಗೆ ಬರಬಹುದು, ಯಾರು ಯಾವ ಬಾಗಿಲು ತೆರೆಯಬಹುದು ಎಂದು ಹೇಳುವ ಹಿರಿಯ ಯಂತ್ರ ಒಂದು ರೂವಿಯಲ್ಲಿ ಕೂತಿರುತ್ತದೆ. ಅದಕ್ಕೆ ಸೇರದ ಕಂಪ್ಯೂಟರು ಆನ್ ಆಗುತ್ತದೆ, ಆದರೆ ಬಿಲ್ ಮಾಡಲಾರದು, ಪ್ರಿಂಟ್ ಹೊಡೆಯಲಾರದು, ಸುಮ್ಮನೆ ಬೆಳಕು ಬಿಡುತ್ತದೆ.

ಈ ಕುಟುಂಬವನ್ನು ಕಟ್ಟಿದವರು ನನಗಿಂತ ಮೊದಲಿನ ಹಿರಿಯ ಇಂಜಿನಿಯರ್. ಉಳ್ಳಾಲ ಕಡೆಯ ಬ್ಯಾರಿ. ಕೆಲಸ ಕಲಿಸಿದವರೂ ಅವರೇ. ಹಿಂದಿನ ವರ್ಷ ಅವರ ಹುದ್ದೆಯೇ ಬೇಡ ಎಂದು ಮೇಲಿನವರಿಗೆ ಹೊಳೆದು, ಅವರನ್ನು ಊರಿಗೆ ಕಳಿಸಿದ್ದರು. ಉಳಿದದ್ದು ನಾನು ಮತ್ತು ಒಮಾನಿ ಸಹೋದ್ಯೋಗಿ. ಆಕೆ ಓದಿ ಬಂದವಳು, ಚುರುಕು, ಕೆಲಸ ಕದಿಯದವಳು. ನನ್ನನ್ನು "ಉಸ್ತಾದ್" ಎಂದು ಕರೆಯುತ್ತಿದ್ದದ್ದು ಅರ್ಧ ಗೌರವದಿಂದ, ಅರ್ಧ ತಮಾಷೆಗೆ. ನನ್ನ ಜಾಗಕ್ಕೆ ಅವಳನ್ನು ತಯಾರು ಮಾಡುತ್ತಿದ್ದಾರೆ ಎಂಬ ಗುಲ್ಲು ನಮ್ಮಿಬ್ಬರ ಕಿವಿಗೂ ಬಿದ್ದಿತ್ತು. ಇಬ್ಬರೂ ಕೇಳಿಸದವರ ಹಾಗೆ ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದೆವು.

ರೂವಿಯಲ್ಲಿ ಕೆಲಸ ಹೂ ಎತ್ತಿದಷ್ಟು ಸುಲಭವಾಗಿ ಆಯಿತು. ಅಲ್ಲಿಗೆ ಹೊಸ ಯಂತ್ರಗಳೇ ಬಂದಿದ್ದವು, ಹೊಸ ಹೆಸರು ಕೊಟ್ಟಿದ್ದೆವು. ಸಾಲಾಗಿ ಎಬ್ಬಿಸಿದೆವು, ಸಾಲಾಗಿ ಸೇರಿಕೊಂಡವು. ಮ್ಯಾನೇಜರ್ ಬಂದು ನೋಡಿ, ಫೋಟೋ ತೆಗೆದು ಮೇಲಿನವರಿಗೆ ಕಳಿಸಿದರು. ನಾನು ಮನೆಗೆ ಹೋಗುವಾಗ ಹಲ್ವಾ ಕೊಂಡುಹೋದೆ. ಆ ಹಲ್ವಾ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ವಾರ ವಿಮಾನದಲ್ಲಿ ಖಸಬಿಗೆ ಹೋದೆ. ಬಂದರಿನ ಹತ್ತಿರ ನಮ್ಮ ಶಾಖೆ: ಮುಂದೆ ಬಿಲ್ಲಿಂಗ್ ಕೌಂಟರುಗಳು, ಹಿಂದೆ ಕೋಲ್ಡ್ ಸ್ಟೋರೇಜ್. ಯಂತ್ರಗಳು ಹಳೆಯವು, ಮೀನಿನ ವಾಸನೆ ಕುಡಿದವು, ಆದರೆ ಹೊಸ ಸಿಸ್ಟಮನ್ನು ಹೊರುವಷ್ಟು ಗಟ್ಟಿ. ಅವುಗಳ ಹೆಸರು ಬದಲಿಸುವ ಹಾಗಿರಲಿಲ್ಲ. ತೂಕದ ಯಂತ್ರ, ಬಿಲ್ ಪ್ರಿಂಟರು, ಬಿಲ್ಲಿಂಗ್ ಸಾಫ್ಟ್‌ವೇರಿನ ಪರವಾನಗಿ ಎಲ್ಲವೂ ಆ ಹಳೆಯ ಹೆಸರುಗಳಿಗೇ ಕಟ್ಟಿಕೊಂಡಿದ್ದವು. ಹಾಗಾಗಿ ಯಂತ್ರ ಹಳತು, ಹೆಸರು ಹಳತು, ಸಿಸ್ಟಮ್ ಮಾತ್ರ ಹೊಸತು.

ಮೊದಲಿಗೆ ಮೂಲೆಯ ಕೌಂಟರು ತೆಗೆದುಕೊಂಡೆ. ಡಿಸ್ಕ್ ಒರೆಸಿತು, ಸಿಸ್ಟಮ್ ಇಳಿಯಿತು, ನೆಟ್‌ವರ್ಕ್ ಡ್ರೈವರು ಕೂತಿತು, ಹೆಸರು ಬಂತು. ಕೊನೆಗೆ ಲಾಗಿನ್ ಪರದೆ ತೆರೆದಾಗ ಕಂಪನಿಯ ಹೆಸರು ಇರಬೇಕಾದಲ್ಲಿ ಏನೂ ಇರಲಿಲ್ಲ. ಸೇರಿರಲಿಲ್ಲ. ಈ ತರಹದ ಅಳವಡಿಕೆಯಲ್ಲಿ ದೊಡ್ಡ ಸಂಕಟವೇ ಇದು: ಸೇರಲು ಆಗದಿದ್ದರೆ ಅದು ಬೊಬ್ಬೆ ಹೊಡೆಯುವುದಿಲ್ಲ. ಒಳಗೊಳಗೇ ಪ್ರಯತ್ನಿಸಿ, ಸುಸ್ತಾಗಿ, ಏನೂ ಆಗದ ಹಾಗೆ ಮುಂದಿನ ಹಂತಕ್ಕೆ ಹೋಗಿಬಿಡುತ್ತದೆ. ಯಾಕೆ ಆಗಲಿಲ್ಲ ಎಂದು ತಿಳಿಯಬೇಕಾದರೆ ಸಿಸ್ಟಮಿನ ಹೊಟ್ಟೆಯೊಳಗಿನ ಲಾಗ್ ಕಡತ ತೆರೆದು ಉದ್ದಕ್ಕೂ ಓದಬೇಕು.

ಓದಿದೆ. ಡೊಮೇನ್ ಎಲ್ಲಿದೆ ಎಂದೇ ಯಂತ್ರಕ್ಕೆ ಗೊತ್ತಾಗಿರಲಿಲ್ಲ. ಶಾಖೆಯ ರೂಟರು ಪ್ರತಿ ಯಂತ್ರಕ್ಕೂ ವಿಳಾಸ ಕೊಡುವಾಗ "ಯಾವ ಹೆಸರಿನ ಯಂತ್ರ ಎಲ್ಲಿದೆ ಎಂದು ನನ್ನನ್ನೇ ಕೇಳು" ಎಂದು ತನ್ನದೇ ವಿಳಾಸ ಹೇಳುತ್ತಿತ್ತು. ಆ ರೂಟರಿಗೆ ಹೊರಗಿನ ಇಂಟರ್ನೆಟ್ ಗೊತ್ತು, ನಮ್ಮ ಮನೆ ಗೊತ್ತಿಲ್ಲ. ಅದನ್ನು ತಿದ್ದಿ, ರೂವಿಯ ಸರ್ವರಿನ ವಿಳಾಸ ಕೊಟ್ಟು, ಮತ್ತೆ ಮೊದಲಿನಿಂದ ಹಚ್ಚಿದೆ. ಈ ಸಲ ಯಂತ್ರ ಡೊಮೇನನ್ನು ಹುಡುಕಿತು, ಬಾಗಿಲು ತಟ್ಟಿತು, ಮತ್ತೆ ಹೊರಗೇ ಉಳಿಯಿತು.

ಎರಡನೆಯ ಕಾರಣ ಗಡಿಯಾರ. ಹಳೆಯ ಯಂತ್ರಗಳ ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಪ್ರತಿ ಸಲ ಆರಿಸಿ ಹಚ್ಚಿದಾಗ ಅವು ಎಷ್ಟೋ ವರ್ಷ ಹಿಂದಿನ ತಾರೀಕಿನಲ್ಲಿ ಕಣ್ಣು ಬಿಡುತ್ತಿದ್ದವು. ಡೊಮೇನ್ ಸಮಯದ ವಿಷಯದಲ್ಲಿ ಮಹಾ ಕಟ್ಟುನಿಟ್ಟು; ನಿನ್ನ ಗಡಿಯಾರವೂ ನನ್ನದೂ ಹೊಂದದಿದ್ದರೆ ನಿನ್ನ ಗುರುತಿನ ಚೀಟಿಯನ್ನೇ ನಂಬುವುದಿಲ್ಲ ಎನ್ನುತ್ತದೆ. ಸೂಕ್ ಎನ್ನುವ ಅಲ್ಲಿಯ ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಬ್ಯಾಟರಿ ತಂದೆ. ಸ್ಕ್ರೂ ಬಿಚ್ಚಿ, ಧೂಳು ಕೊಡವಿ, ಎಲ್ಲಕ್ಕೂ ಹಾಕಿ, ತಾರೀಕು ಸರಿ ಮಾಡಿ, ಮತ್ತೆ ಮೊದಲಿನಿಂದ ಹಚ್ಚಿದೆ. ಸೇರಲಿಲ್ಲ.

ಅಷ್ಟರಲ್ಲಿ ಶಾಖೆಯ ಜನರ ತಾಳ್ಮೆ ಮುಗಿಯಿತು. ನಾನು ಒರೆಸಿದ ಕೌಂಟರುಗಳು ಸತ್ತಂತೆ ಕೂತಿದ್ದವು, ಉಳಿದವುಗಳ ಮುಂದೆ ಸಾಲು ಬೆಳೆದಿತ್ತು. ಮಂಜುಗಡ್ಡೆಯಲ್ಲಿಟ್ಟ ಮೀನಿನ ಪೆಟ್ಟಿಗೆಗಳು ಬಿಲ್ಲಿಲ್ಲದೆ ಹೊರಗೆ ಹೋಗುವ ಹಾಗಿಲ್ಲ. ಶಾಖೆಯ ಮುಖ್ಯಸ್ಥರು ವಯಸ್ಸಾದ ಒಮಾನಿ, ಸಿಟ್ಟನ್ನು ಎತ್ತರದ ಸ್ವರದಲ್ಲಿ ತೋರಿಸುವವರಲ್ಲ. ಅಲ್ಲಿಯ ಕಾಫಿ ಖಾವಾ ಕೊಟ್ಟು, ಖರ್ಜೂರ ಮುಂದಿಟ್ಟು, "ಇಂದು ಖಲಾಸ್?" ಎಂದು ಕೇಳಿದರು. ನಾನು "ಇನ್ನೂ ಇಲ್ಲ" ಎಂದೆ. ಅವರು ತಲೆಯಾಡಿಸಿದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ರೂವಿಯಿಂದ ಮ್ಯಾನೇಜರ್ ಫೋನ್ ಮಾಡಿದರು. ಅವರು ಹೈದರಾಬಾದಿನವರು, ನನ್ನೊಂದಿಗೆ ಹಿಂದಿಯಲ್ಲೇ ಮಾತು. ಹೊರಗಿನ ಒಂದು ಕಂಪನಿಯವರು ಇಡೀ ಕೆಲಸ ವಹಿಸಿಕೊಳ್ಳಲು ತಯಾರಿದ್ದಾರೆ, ಈ ವಾರ ಆಗದಿದ್ದರೆ ಅವರಿಗೇ ಕೊಡುವುದು, ಆಗ ನಮ್ಮ ವಿಭಾಗವೇ ಯಾಕೆ ಬೇಕು ಎಂಬ ಪ್ರಶ್ನೆ ಮೇಲೆ ಎದ್ದರೆ ತಾನು ಏನು ಹೇಳಬೇಕು ಎಂದರು. ನನ್ನ ವೀಸಾದ ಕಾಗದದ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಬಂದರಿನ ಕಟ್ಟೆಯ ಮೇಲೆ ಹೋಗಿ ಕೂತೆ. ಪ್ರವಾಸಿಗರು ಡಾಲ್ಫಿನ್ ನೋಡಲು ದೋಣಿ ಹತ್ತುತ್ತಿದ್ದರು. ಎದುರಿಗೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟಗಳು. ನನಗೆ ಗೊತ್ತಿದ್ದದ್ದೆಲ್ಲ ಮುಗಿದಿತ್ತು. ಕೇಬಲ್ ಬದಲಿಸಿದ್ದೆ, ಸ್ವಿಚ್ಚಿನ ಪೋರ್ಟ್ ಬದಲಿಸಿದ್ದೆ, ಡ್ರೈವರು ಬದಲಿಸಿದ್ದೆ, ರೂವಿ ಮತ್ತು ಖಸಬಿನ ನಡುವಿನ ಲೈನನ್ನು ಶಪಿಸಿದ್ದೆ. ಇಷ್ಟು ವರ್ಷ ಮಾಡಿದ ಕೆಲಸವೆಲ್ಲ ಅದೃಷ್ಟದಿಂದ ಆಗಿತ್ತೇನೋ, ನಾನು ನಿಜವಾಗಿ ಏನೂ ಕಲಿತೇ ಇಲ್ಲವೇನೋ ಎಂಬ ಭಯ ಹುಟ್ಟಿತು. ಆಗ ಮಗಳ ಮೆಸೇಜ್ ಬಂತು, ಎಂದಿನಂತೆ ಇಂಗ್ಲಿಷಿನಲ್ಲಿ: ಶಾಲೆಯಲ್ಲಿ ಪರೀಕ್ಷೆಯ ಅರ್ಜಿ ತುಂಬಿಸಿಕೊಂಡರು, ಫೋಟೋದಲ್ಲಿ ನಾನು ಚೆನ್ನಾಗಿ ಬಂದಿಲ್ಲ ಪಪ್ಪಾ. ಒಂದು ನಗುವಿನ ಮುಖ ಕಳಿಸಿದೆ.

ದಾರಿ ತೆರೆದದ್ದು ಸಹೋದ್ಯೋಗಿಯ ಜೊತೆಗಿನ ಫೋನಿನಲ್ಲಿ. ನಾನು ಖಸಬಿನ ನೆಟ್‌ವರ್ಕನ್ನು ಬೈಯುತ್ತಲೇ ಇದ್ದೆ. ಆಕೆ ಕೇಳಿಸಿಕೊಂಡು, "ಉಸ್ತಾದ್, ಖಸಬಿನ ಒಂದು ಹೆಸರು ಕೊಡಿ. ಅದನ್ನು ಇಲ್ಲಿಯ ಯಂತ್ರಕ್ಕೆ ಇಟ್ಟು ನೋಡ್ತೇನೆ. ಇಲ್ಲೂ ಸೇರದಿದ್ದರೆ ಜಗಳ ಊರಿನ ಜೊತೆಗಲ್ಲ" ಎಂದಳು.

ಕೊಟ್ಟೆ. ರೂವಿಯ ಹೊಚ್ಚ ಹೊಸ ಯಂತ್ರ, ರೂವಿಯ ಕೇಬಲ್, ಖಸಬಿನ ಹಳೆಯ ಹೆಸರು. ಸೇರಲಿಲ್ಲ. ಆಮೇಲೆ ಇಬ್ಬರೂ ಆಯಾ ಯಂತ್ರದ ಲಾಗನ್ನು ಸಾಲು ಸಾಲಾಗಿ ಓದಿದೆವು. ಸೇರಲು ಮತ್ತೆ ಮತ್ತೆ ಮಾಡಿದ ಪ್ರಯತ್ನಗಳ ರಾಶಿಯಡಿ ಹೂತುಹೋದ ಒಂದು ಸಾಲು ಎರಡರಲ್ಲೂ ಇತ್ತು: ಇದೇ ಹೆಸರಿನ ಖಾತೆ ಡೊಮೇನಿನಲ್ಲಿ ಈಗಾಗಲೇ ಇದೆ, ಅದರ ಮರುಬಳಕೆಯನ್ನು ಭದ್ರತಾ ನೀತಿ ತಡೆದಿದೆ. ಹಿಂದಿನ ಎರಡು ತೊಂದರೆ ನೀಗಿದ ಮೇಲಷ್ಟೇ ಯಂತ್ರ ಈ ಬಾಗಿಲ ತನಕ ಬಂದಿತ್ತು. ನಾನೋ ಖಸಬಿನ ಮೇಲಿನ ಕೋಪದಲ್ಲಿ ಅದನ್ನು ದಾಟಿ ಓದಿದ್ದೆ.

ವಿಷಯ ಇಷ್ಟೇ. ಪ್ರತಿ ಕಂಪ್ಯೂಟರಿಗೂ ಡೊಮೇನಿನಲ್ಲಿ ಒಂದು ಖಾತೆ, ಪ್ರತಿ ಖಾತೆಗೂ ಅದನ್ನು ಸೃಷ್ಟಿಸಿದ ಒಬ್ಬ ಮಾಲೀಕ. ಮೊದಲೆಲ್ಲ ಹಳೆಯ ಹೆಸರಿನಲ್ಲಿ ಯಾರು ಮತ್ತೆ ಸೇರಿಸಿದರೂ ಡೊಮೇನ್ ಕೇಳುತ್ತಿರಲಿಲ್ಲ. ಇತ್ತೀಚಿನ ಭದ್ರತಾ ಅಪ್‌ಡೇಟುಗಳ ನಂತರ ಕೇಳತೊಡಗಿದೆ: ನಿನ್ನ ಮಾಲೀಕ ಯಾರು, ಈಗ ನಿನ್ನನ್ನು ಕರೆತಂದವನು ಅವನೇನಾ? ಒಮಾನಿನಲ್ಲಿ ಕೆಲವು ವರ್ಷಗಳ ಹಿಂದಿನವರೆಗೂ ಕೆಲಸ ಬದಲಿಸಬೇಕಾದರೆ ಹಳೆಯ ಕಫೀಲನ, ಅಂದರೆ ವೀಸಾ ಕೊಟ್ಟ ಮಾಲೀಕನ, ಒಪ್ಪಿಗೆ ಪತ್ರ ಬೇಕಿತ್ತು. ಆ ನಿಯಮ ಮನುಷ್ಯರಿಗೆ ಹೋಯಿತು, ಕಂಪ್ಯೂಟರಿಗೆ ಬಂತು.

ಸಹೋದ್ಯೋಗಿ ರೂವಿಯಿಂದ ಖಸಬಿನ ಖಾತೆಗಳನ್ನು ತೆರೆದು ಮಾಲೀಕನ ಹೆಸರು ನೋಡಿದಳು. ಹೆಸರು ಇರಲಿಲ್ಲ, ಒಂದು ಉದ್ದದ ಸಂಖ್ಯೆ ಇತ್ತು. ಒಂದರಲ್ಲಿ ಅಲ್ಲ, ಎಲ್ಲದರಲ್ಲೂ ಅದೇ. ಯಾರದೋ ಖಾತೆ ಅಳಿಸಿದರೆ ಹೆಸರು ಹೋಗಿ ಅದರ ಸಂಖ್ಯೆ ಮಾತ್ರ ಉಳಿಯುತ್ತದೆ. ಅದು ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ಇಲ್ಲಿಯ ಕಂಪನಿಗಳಲ್ಲಿ ಊರಿಗೆ ಹೋಗುವವನು ಕ್ಲಿಯರೆನ್ಸ್ ಮಾಡಿಸಬೇಕು, ಎಲ್ಲ ವಿಭಾಗಗಳಿಗೂ ಹೋಗಿ ಸಹಿ ಹಾಕಿಸಿಕೊಳ್ಳಬೇಕು. ನಮ್ಮಲ್ಲಿ ಸಹಿ ಬಿದ್ದ ಕೂಡಲೇ ಅವನ ಖಾತೆ ಅಳಿಸುವುದು ಪದ್ಧತಿ. ಹಿಂದಿನ ವರ್ಷ ಊರಿಗೆ ಹೋದ ಹಿರಿಯ ಇಂಜಿನಿಯರರದ್ದನ್ನೂ ಹಾಗೆಯೇ ಅಳಿಸಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಖಸಬಿನ ಕಂಪ್ಯೂಟರುಗಳು ಮಾತ್ರ ಹೊಳೆಯ ನಡುವೆಯೇ ನಿಂತಿದ್ದವು.

ಹಿರಿಯರಿಗೆ ಫೋನ್ ಮಾಡಿದೆ. ಅವರು ತೊಕ್ಕೊಟ್ಟಿನಲ್ಲಿ ಭಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತಿದ್ದರು. ಹಿಂದೆ ಯಾರೋ ಪೈಪು ಕೇಳುವ ಸದ್ದು.

"ಭಾಯ್, ಖಸಬಿನ ಮಿಷಿನ್‌ಗಳನ್ನೆಲ್ಲ ನಿಮ್ಮ ಹೆಸರಲ್ಲೇ ಯಾಕೆ ಮಾಡಿದ್ದು? ಬೇರೆ ಒಂದು ಅಕೌಂಟ್ ಮಾಡ್ಬಹುದಿತ್ತಲ್ಲ?"

"ಮಾಡ್ಬಹುದಿತ್ತು ಮಾರಾಯ. ಆದ್ರೆ ಅಲ್ಲಿ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಮೊದ್ಲು ಕೇಳುವುದು ಎಂತದು? ಯಾರು ಮಾಡಿದ್ದು ಅಂತ ಅಲ್ವಾ? ನೀನು ಆಗ ಹೊಸಬ, ಮಗು ಸಣ್ಣದು. ನನ್ನ ಹೆಸರೇ ಇರ್ಲಿ, ಬೈಗುಳ ನನಗೇ ಬರ್ಲಿ ಅಂತ."

ಇಷ್ಟು ದಿನ ನಾನು ಯಾವ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೆನೋ ಅದನ್ನು ಅವರು ಕಟ್ಟಿದ್ದು ನನ್ನ ನೆರಳಿಗಾಗಿ. ಏನಾದರೂ ಹೇಳಬೇಕೆಂದು, "ನಿಮ್ಮ ಅಕೌಂಟ್ ಡಿಲೀಟ್ ಮಾಡಿದ್ದಾರೆ ಭಾಯ್. ನಂಬರ್ ಮಾತ್ರ ಉಂಟು" ಎಂದೆ.

ಅವರು ನಕ್ಕರು. "ನಂಬರಾದ್ರೂ ಉಂಟಲ್ಲ ಮಾರಾಯ."

ಸಂಕಟ ಅಲ್ಲಿಗೆ ಮುಗಿಯಲಿಲ್ಲ. ಮ್ಯಾನೇಜರಿಗೆ ವಿವರಿಸಿದಾಗ, ಹಳೆಯ ಖಾತೆಗಳನ್ನೆಲ್ಲ ಅಳಿಸಿ ಹೊಸದು ಮಾಡು, ಯಲ್ಲಾ, ಬೇಗ ಬೇಗ, ಇಷ್ಟಕ್ಕೆ ಇಷ್ಟು ದಿನ ಬೇಕಿತ್ತಾ ಎಂದರು. ಅಳಿಸಬಹುದಿತ್ತು. ಆದರೆ ಈ ಯಂತ್ರಗಳಲ್ಲಿ ಶಾಖೆಯ ಲೆಕ್ಕಪತ್ರ ಇರುವ ಎರಡನೆಯ ಡಿಸ್ಕಿಗೆ ಬೀಗ ಹಾಕಿತ್ತು. ಅದರ ಬಿಡಿ ಕೀಲಿ ಇದ್ದದ್ದು ಅದೇ ಹಳೆಯ ಖಾತೆಯ ಅಡಿಯಲ್ಲಿ. ಮರ ಕಡಿದರೆ ಗೂಡೂ ಹೋಗುತ್ತಿತ್ತು. ಹಾಗಾಗಿ ಖಾತೆ ಉಳಿಯಬೇಕು, ಮಾಲೀಕ ಮಾತ್ರ ಬದಲಾಗಬೇಕು. ಡೊಮೇನಿನ ಮೇಲಧಿಕಾರ ಇದ್ದವನು ಅದನ್ನು ಮಾಡಬಹುದು, ಆ ಅಧಿಕಾರ ನನಗಿತ್ತು. ಉಳಿದದ್ದು ಒಂದೇ ಪ್ರಶ್ನೆ: ಯಾರ ಹೆಸರಿಗೆ?

ನಿಜ ಹೇಳುತ್ತೇನೆ, ಮೊದಲು ಮನಸ್ಸಿಗೆ ಬಂದದ್ದು ನನ್ನ ಹೆಸರೇ. ಖಸಬು, ರುಸ್ತಾಕ್, ಮುಂದೆ ಬರುವ ಪ್ರತಿ ಯಂತ್ರವೂ ನನ್ನ ಹೆಸರಿನಲ್ಲಿ ಇರಲಿ. ನನ್ನನ್ನು ಕಳಿಸಿದ ಮರುದಿನ ಅವರಿಗೆ ಗೊತ್ತಾಗಲಿ. ಹೆಂಡತಿಗೆ ಫೋನಿನಲ್ಲಿ ಹೇಳಿದಾಗ ಅವಳೂ ಅದನ್ನೇ ಅಂದಳು.

"ನಿನ್ನ ಹೆಸರಿಗೇ ಮಾಡು. ನೀನು ಯಾಕೆ ಯಾವಾಗ್ಲೂ ಒಳ್ಳೆಯವನಾಗ್ಲಿಕ್ಕೆ ಹೋಗುದು? ಕೀಲಿ ನಿನ್ನ ಕೈಯಲ್ಲಿದ್ರೆ ಫೆಬ್ರವರಿ ತನಕ ಆದ್ರೂ ಇಟ್ಟುಕೊಳ್ತಾರೆ."

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮತ್ತೆ ಹಿರಿಯರಿಗೆ ಫೋನ್ ಮಾಡಿ ಕೇಳಿದೆ. ಅವರು ಯಾರಿಗೋ ಚಿಲ್ಲರೆ ಕೊಟ್ಟು ಮುಗಿಸಿ, "ನನ್ನ ಹೆಸರು ಇತ್ತಲ್ಲ ಮಾರಾಯ ಎಲ್ಲದ್ರಲ್ಲಿ. ನನ್ನನ್ನು ಇಟ್ಟುಕೊಂಡ್ರಾ?" ಎಂದರು. ಸ್ವಲ್ಪ ತಡೆದು, "ಅವ್ರಿಗೆ ಎಂತ ಆಗ್ಲಿಲ್ಲ. ಒದ್ದಾಡಿದ್ದು ನೀನು. ನಾಳೆ ಒದ್ದಾಡುವುದು ಆ ಹುಡುಗಿ" ಎಂದರು.

ಮರುದಿನ ಬೆಳಿಗ್ಗೆ ಕೆಲಸ ಶುರು ಮಾಡಿದೆ. ಯಾವ ವ್ಯಕ್ತಿಯ ಹೆಸರೂ ಅಲ್ಲದ ಒಂದು ಗುಂಪು ಸೃಷ್ಟಿಸಿದೆ. ಸೇರಿಸುವ ಕೆಲಸಕ್ಕೆಂದೇ, ಬೇರೆಲ್ಲೂ ಲಾಗಿನ್ ಆಗಲಾರದ ಒಂದು ಪ್ರತ್ಯೇಕ ಖಾತೆ ಮಾಡಿದೆ. ಚಿಕ್ಕ ಸ್ಕ್ರಿಪ್ಟ್ ಬರೆದು, ಹಿರಿಯರ ಸಂಖ್ಯೆ ಇದ್ದ ಪ್ರತಿ ಕಂಪ್ಯೂಟರ್ ಖಾತೆಯ ಮಾಲೀಕತ್ವವನ್ನೂ ಆ ಗುಂಪಿಗೆ ವರ್ಗಾಯಿಸಿದೆ. ಸೇರಿಸುವ ಖಾತೆಗೆ ಈ ಹಳೆಯ ಹೆಸರುಗಳ ಪಾಸ್‌ವರ್ಡ್ ಮರುಹೊಂದಿಸುವ ಅನುಮತಿ ಕೊಟ್ಟೆ. ಆಮೇಲೆ ಡೊಮೇನಿನ ಹಿರಿಯ ಯಂತ್ರದ ನೀತಿಯಲ್ಲಿ, ಈ ಗುಂಪು ಮಾಲೀಕನಾಗಿರುವ ಖಾತೆಗಳನ್ನು ಮರುಬಳಸಬಹುದು ಎಂದು ಬರೆದೆ. ಪ್ರತಿ ಹೆಜ್ಜೆಯನ್ನೂ ಫೋನಿನಲ್ಲಿ ಸಹೋದ್ಯೋಗಿಗೆ ಹೇಳುತ್ತಾ ಮಾಡಿದೆ. ಆಕೆ ಅಲ್ಲಿ ತೆರೆದು ನೋಡಿ ಹೂಂ ಎನ್ನುತ್ತಿದ್ದಳು. ಸ್ಕ್ರಿಪ್ಟ್ ಓಡುವಾಗ ಆ ಉದ್ದದ ಸಂಖ್ಯೆ ಒಂದೊಂದೇ ಖಾತೆಯಿಂದ ಮಾಯವಾಗುವುದನ್ನು ನೋಡಿದೆ. ಒಮಾನಿನಲ್ಲಿ ಹಿರಿಯರದ್ದು ಅಂತ ಉಳಿದಿದ್ದದ್ದು ಅದೊಂದೇ, ಅದನ್ನೂ ನಾನೇ ಅಳಿಸಿದೆ.

ಮೂಲೆಯ ಕೌಂಟರನ್ನು ಮತ್ತೆ ಎಬ್ಬಿಸಿದೆ. ಲಾಗಿನ್ ಪರದೆಯಲ್ಲಿ ಕಂಪನಿಯ ಹೆಸರು ಬಂತು. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ಶಾಖೆಯ ಮುಖ್ಯಸ್ಥರು ಬಂದು ಮೊದಲ ಬಿಲ್ಲನ್ನು ಪ್ರಿಂಟರಿನಿಂದ ಹರಿದುಕೊಂಡು ನೋಡಿ, "ಖಲಾಸ್" ಎಂದರು, ಈ ಸಲ ಪ್ರಶ್ನೆಯಾಗಿ ಅಲ್ಲ. ನಾನು ಸಂತೋಷಪಡಲು ನೋಡಿದೆ. ಸಂತೋಷಕ್ಕಿಂತ ನಿದ್ದೆ ಬಂತು.

ರೂವಿಗೆ ಮರಳಿದ ಮೇಲೆ ಮ್ಯಾನೇಜರ್ ಬೆನ್ನು ತಟ್ಟಿದರು. ಇಡೀ ವಿಧಾನವನ್ನು ಚಿತ್ರಗಳ ಸಮೇತ ಬರೆದುಕೊಡು, ಯಾರು ಬೇಕಾದರೂ ಮಾಡುವ ಹಾಗಿರಬೇಕು ಎಂದರು. ಬರೆದುಕೊಟ್ಟೆ. ರುಸ್ತಾಕಿನ ಯಂತ್ರಗಳನ್ನು ಅದನ್ನೇ ನೋಡಿಕೊಂಡು ಸಹೋದ್ಯೋಗಿ ಒಬ್ಬಳೇ ಮುಗಿಸಿದಳು. ಅದಾದ ಮೇಲೆ ಮ್ಯಾನೇಜರ್ ನನ್ನನ್ನು ಕರೆದು, ಮೇಲಿನವರು ನವೀಕರಣಕ್ಕೆ ಒಪ್ಪಲಿಲ್ಲ, ಎಲ್ಲವೂ ಆಟೋಮ್ಯಾಟಿಕ್ ಆದ ಮೇಲೆ ಇಬ್ಬರು ಯಾಕೆ ಎಂದು ಕೇಳುತ್ತಿದ್ದಾರೆ, ತಾನು ತುಂಬ ಪ್ರಯತ್ನಿಸಿದ್ದಾಗಿ ಹೇಳಿದರು. ಆಗಲೂ ಅವರು ಎ.ಸಿ.ಯನ್ನೇ ನೋಡುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನ ವಿಷಯದಲ್ಲಿ ತುತ್ತನ್ನು ಬೇರೆಯವರ ತಟ್ಟೆಗೆ ಬಡಿಸಿದವನೂ ನಾನೇ.

ಮನೆಯಲ್ಲಿ ಹೆಂಡತಿ "ನಾನು ಹೇಳಿದ್ದೆ" ಎನ್ನಲಿಲ್ಲ. ಅನ್ನಬೇಕಾದ ಅಗತ್ಯವೂ ಇರಲಿಲ್ಲ. ಮಗಳು ಮಾತ್ರ ಫೆಬ್ರವರಿಯಲ್ಲಿ ಊರಿನಿಂದ ವಿಸಿಟ್ ವೀಸಾದಲ್ಲಿ ಬಂದು, ಇಗರ್ಜಿಯ ಪರಿಚಯದ ಒಂದು ಕುಟುಂಬದ ಮನೆಯಲ್ಲಿ ಉಳಿದು ಪರೀಕ್ಷೆ ಬರೆಯುವುದು ಎಂದು ತೀರ್ಮಾನವಾಯಿತು. ಆಕೆ ನಡೆಯಲು ಕಲಿತದ್ದು ರೂವಿಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ. "ಸೋ ಐ ವಿಲ್ ಬಿ ಎ ಟೂರಿಸ್ಟ್?" ಎಂದು ಕೇಳಿದಳು. ನಾನು ಹೂಂ ಎಂದೆ. ಅವಳು ಪುಸ್ತಕ ಮುಚ್ಚದೆ ಹಾಗೆಯೇ ಎದ್ದು ಒಳಗೆ ಹೋದಳು. ಆ ಪುಸ್ತಕವನ್ನು ನಾನೇ ಮುಚ್ಚಿಟ್ಟೆ.

ಕ್ಲಿಯರೆನ್ಸಿನ ದಿನ ಎಲ್ಲ ವಿಭಾಗಗಳ ಸಹಿ ಮುಗಿಸಿ ಕೊನೆಗೆ ನಮ್ಮದಕ್ಕೇ ಬಂದೆ. ಸಹಿ ಹಾಕಬೇಕಾದವಳು ಸಹೋದ್ಯೋಗಿ. ಆಕೆ ಫ್ಲಾಸ್ಕಿನಿಂದ ಇಬ್ಬರಿಗೂ ಚಹಾ ಬಗ್ಗಿಸಿದಳು. ಪರದೆಯ ಮೇಲೆ ನನ್ನ ಖಾತೆ ತೆರೆದಿತ್ತು. ಮೌಸಿನ ಮೇಲೆ ಕೈಯಿಟ್ಟು, ಇಟ್ಟೇ ಇದ್ದಳು.

"ಉಸ್ತಾದ್, ಇದನ್ನು ಅಳಿಸಿದರೆ ಏನಾದರೂ ನಿಲ್ಲುತ್ತದಾ?"

"ಇಲ್ಲ" ಎಂದೆ. "ಏನೂ ನಿಲ್ಲುವುದಿಲ್ಲ."

ಅವಳು ಅಳಿಸಿದಳು. ಅದೇ ಹೊತ್ತಿಗೆ ಖಸಬಿನಲ್ಲಿ ಡಿಸ್ಕ್ ಕೆಟ್ಟಿದ್ದ ಒಂದು ಕೌಂಟರಿಗೆ ಹೊಸದಾಗಿ ಸಿಸ್ಟಮ್ ಇಳಿಯುತ್ತಿತ್ತು. ಇಬ್ಬರೂ ಚಹಾ ಹಿಡಿದುಕೊಂಡು ಪರದೆ ನೋಡುತ್ತ ಕೂತೆವು. ಅದು ಮೊದಲ ಪ್ರಯತ್ನದಲ್ಲೇ ಸೇರಿಕೊಂಡಿತು.